ಹೊಸ ಕಂಪ್ಯೂಟರಿನ ಹಳದಿ

ಜೂನ್ 27, ಶುಕ್ರವಾರ

ಹೊಸ ಕಂಪ್ಯೂಟರ್ ಬಂತು. ಹೆಂಡತಿ ಕವಿತ ಊದುಬತ್ತಿ ಹಚ್ಚಿ, ನಿಂಬೆಹಣ್ಣು ಇಟ್ಟು, ಮಾನಿಟರಿನ ನೆತ್ತಿಗೆ ಕುಂಕುಮವನ್ನೂ ಇಟ್ಟಳು. ಇಡುವಾಗ ಪರದೆಯ ಮೇಲೆ ಬೆರಳಿನ ಗುರುತು ಮೂಡಿತು. ಅದನ್ನು ಒರೆಸುವಷ್ಟರಲ್ಲಿ ರಾಹುಕಾಲ ಬಂತು. ಹನ್ನೆರಡರವರೆಗೆ ಸ್ವಿಚ್ ಮುಟ್ಟಬಾರದೆಂದಳು. ಒಂದೂವರೆ ಗಂಟೆ ಅದರ ಮುಖ ನೋಡುತ್ತಾ ಕೂತಿದ್ದೆ.

ಈ ಡೈರಿ ಆಲ್ಬಮ್ ಪ್ರಿಂಟ್ ಮಾಡುವ ಲ್ಯಾಬಿನವರು ಹೊಸ ವರ್ಷಕ್ಕೆ ಕೊಟ್ಟದ್ದು. ಆರು ತಿಂಗಳು ಖಾಲಿ ಬಿದ್ದಿತ್ತು. ಸಿಟ್ಟು ಬಂದಾಗ ಎದುರಿಗಿದ್ದವರನ್ನು ಬೈದರೆ ಕವಿತ ಮೂರು ದಿನ ಮಾತು ಬಿಡುತ್ತಾಳೆ. ಡೈರಿ ಮಾತು ಬಿಡುವುದಿಲ್ಲವಲ್ಲ, ಅದಕ್ಕೇ ಇವತ್ತಿನಿಂದ ಬರೆಯೋಣವೆಂದುಕೊಂಡೆ.

ಹಳೆಯ ಕಂಪ್ಯೂಟರ್ ಬದಲಾಯಿಸಿದ್ದು ಶೋಕಿಗಲ್ಲ. ಅದರ ಮಾನಿಟರ್ ಎರಡು ವರ್ಷದಿಂದ ಹಳದಿಗೆ ತಿರುಗಿತ್ತು. ಯಾವ ಫೋಟೋ ತೆರೆದರೂ ಅರಿಶಿನದ ನೀರಲ್ಲಿ ಅದ್ದಿ ತೆಗೆದ ಹಾಗೆ. ಪ್ರತಿ ಫೋಟೋದಿಂದಲೂ ಹಳದಿ ತೆಗೆದು ತೆಗೆದು ಸಾಕಾಗಿಹೋಗಿತ್ತು. ದೊಡ್ಡಬಳ್ಳಾಪುರದಲ್ಲಿ ಮೂವತ್ತೊಂದು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಈ ಮುನೀಂದ್ರನ ಆಲ್ಬಮಿನಲ್ಲಿ ಬಣ್ಣ ಕೆಟ್ಟಿತ್ತೆಂದು ಯಾರೂ ಹೇಳಿದ್ದಿಲ್ಲ. ಅಂಗಡಿಯ ಮುಂಭಾಗದಲ್ಲಿ ಕವಿತ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ, ಹಿಂಭಾಗ ನನ್ನದು. ಪುಟ ಜೋಡಿಸಲು, ಹೆಸರು ಟೈಪ್ ಮಾಡಲು ಅಕ್ಷತ ಎಂಬ ಹುಡುಗಿ ನಾಲ್ಕು ವರ್ಷದಿಂದ ಬರುತ್ತಿದ್ದಾಳೆ. ಬಣ್ಣವನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಬಣ್ಣ ನನ್ನದು.

ಈಗ ಕೈಯಲ್ಲಿರುವುದು ಆವತಿಯ ರಾಮಾಂಜಿನಪ್ಪನವರ ಮಗಳು ನವ್ಯಶ್ರೀಯ ಮದುವೆ ಆಲ್ಬಮ್. ಆಷಾಢವೆಂದು ಹುಡುಗಿ ತವರಿಗೆ ಬಂದಿದ್ದಾಳೆ. ಆಗಸ್ಟ್ ಒಂದಕ್ಕೆ ಗಂಡಿನ ಮನೆಯವರು ಕರೆದೊಯ್ಯಲು ಬರುತ್ತಾರೆ. ಆಲ್ಬಮ್ ಅವಳ ಜೊತೆಯಲ್ಲೇ ಹೋಗಬೇಕು, ಅತ್ತೆಮನೆಯಲ್ಲಿ ಎಲ್ಲರೂ ಕೂತು ನೋಡಬೇಕು. ರಾಮಾಂಜಿನಪ್ಪನವರು ನನ್ನ ಕೈ ಹಿಡಿದುಕೊಂಡು ಹೇಳಿದ್ದಾರೆ. ಅವರ ಮದುವೆಯ ಫೋಟೋ ತೆಗೆದವನೂ ನಾನೇ.

ಜೂನ್ 29, ಭಾನುವಾರ

ಕಂಪ್ಯೂಟರ್ ಜೋಡಿಸಿಕೊಟ್ಟ ಅಮರ್ ಏನೇನು ಸಾಫ್ಟ್‌ವೇರ್ ಹಾಕಲಿ ಎಂದು ಕೇಳಿದ. ಹಳೆಯದನ್ನೇ ಹಾಕು ಎಂದೆ. ಅದು ಹದಿನಾಲ್ಕು ವರ್ಷದಿಂದ ನನ್ನ ಹತ್ತಿರ ಇರುವುದು, ನಾನು ಅದನ್ನು ಯಜಮಾನ ಎಂದು ಕರೆಯುತ್ತೇನೆ. ಹೊಸ ಕಂಪ್ಯೂಟರ್ ಅದನ್ನು ಒಳಕ್ಕೇ ಬಿಟ್ಟುಕೊಳ್ಳಲಿಲ್ಲ. ಅದು ಕಳ್ಳ ಕಾಪಿಯಂತೆ. ಹದಿನಾಲ್ಕು ವರ್ಷ ನಿಯತ್ತಾಗಿ ದುಡಿದವನನ್ನು ನಿನ್ನೆ ಬಂದ ಡಬ್ಬ ಕಳ್ಳ ಎನ್ನುತ್ತದೆ. ಕಳ್ಳ ಎನ್ನುವುದು ನಿಜವೇ, ಆದರೆ ನಮ್ಮ ಕಳ್ಳ.

ಹಾಗಾದರೆ ಪುಕ್ಕಟೆ ಸಿಗುವುದು ಒಂದಿದೆ ಎಂದು ಅಮರ್ ಅದನ್ನು ಹಾಕಿದ. ಅದಕ್ಕೆ ಧರ್ಮಛತ್ರ ಎಂದು ಹೆಸರಿಟ್ಟೆ. ಫೋಟೋ ಏನೋ ತೆರೆಯಿತು. ಕೆಳಗೆ ರಾಮಾಂಜಿನಪ್ಪ ಎಂದು ಬರೆದರೆ ಪಕಾರದ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಂತಿತು. ಮಗಳ ಆಲ್ಬಮಿನಲ್ಲಿ ಅಪ್ಪನ ಹೆಸರಿಗೆ ತೊದಲು. ಆ ಹುಡುಗಿ ಅಕ್ಷತ ನಕ್ಕಳು. ನಗುವಂಥದ್ದು ಏನಿದೆ ಎಂದು ಕೇಳಿದೆ. ತಲೆ ತಗ್ಗಿಸಿ ಕೂತಳು.

ಸಂಜೆಯವರೆಗೆ ಒತ್ತು ಕೂಡಿಸುವುದರಲ್ಲೇ ಆಯಿತು. ಕೂಡಲಿಲ್ಲ.

ಜುಲೈ 2, ಬುಧವಾರ

ಧರ್ಮಛತ್ರ ಖಾಲಿ ಮಾಡಿದೆ. ಇವತ್ತು ಬಂದದ್ದು ತಿಂಗಳ ಬಾಡಿಗೆಯದು. ಬಾಡಿಗೆ ನಿಲ್ಲಿಸಿದರೆ ನನ್ನ ಫೋಟೋ ಇರುವ ಕೋಣೆಗೆ ಅವರೇ ಬೀಗ ಹಾಕುತ್ತಾರಂತೆ. ಇರಲಿ, ಒತ್ತಕ್ಷರವಾದರೂ ಸರಿಯಾಗಿ ಕೂತಿತು.

ಒಂದು ಸಂಕಟ ತೀರಿತು ಎನ್ನುವಷ್ಟರಲ್ಲಿ ಹಳದಿ ಶುರು. ಹೊಸ ಮಾನಿಟರ್, ಹೊಸ ಸಾಫ್ಟ್‌ವೇರ್, ಆದರೂ ಅದೇ ಹಾಳು ಹಳದಿ. ಗಂಡಿನ ಪಂಚೆ ಹಳದಿ, ಎಲೆಯ ಮೇಲಿನ ಅನ್ನ ಹಳದಿ, ಛತ್ರದ ಗೋಡೆ ಹಳದಿ. ಅಮರನನ್ನು ಕರೆಸಿ ಕೇಳಿದೆ. ಅವನು ಬಣ್ಣ ಅಳೆಯುವ ಒಂದು ಪುಟ್ಟ ಯಂತ್ರವನ್ನು ಪರದೆಗೆ ತೂಗುಹಾಕಿ ಹತ್ತು ನಿಮಿಷ ಕಾದು, ಪರದೆ ಸರಿಯಾಗಿದೆ, ಬಿಳಿ ಬಿಳಿಯಾಗಿಯೇ ಇದೆ ಎಂದ. ಆ ಯಂತ್ರವನ್ನು ಯಾವ ಸಂತೆಯಲ್ಲಿ ತಂದೆ ಎಂದು ಕೇಳಿದೆ. ಮುಖ ಊದಿಸಿಕೊಂಡು ಹೋದ.

ಪರದೆಯದ್ದಲ್ಲ ಎಂದಾದರೆ ತಪ್ಪು ಸಾಫ್ಟ್‌ವೇರಿನದೇ. ಬಾಡಿಗೆ ತೆಗೆದುಕೊಂಡು ಹಳದಿ ಕೊಡುತ್ತಾರೆ.

ಜುಲೈ 3, ಗುರುವಾರ

ಮೂರನೆಯ ಸಾಫ್ಟ್‌ವೇರ್. ಹಳದಿ.

ಜುಲೈ 6, ಭಾನುವಾರ

ಈ ಮೂರನೆಯದಕ್ಕೆ ಪಂಡಿತ ಎಂದು ಹೆಸರು. ತನ್ನದೇ ಬುದ್ಧಿ ಉಪಯೋಗಿಸುತ್ತದಂತೆ. ಒಂದು ಗುಂಡಿ ಒತ್ತಿದರೆ ಸಾಕು, ಏನು ತಪ್ಪಿದೆಯೋ ಅದೇ ಹುಡುಕಿ ಸರಿಮಾಡುತ್ತದೆಂದು ಅಮರ್ ಫೋನಿನಲ್ಲಿ ಕೊಂಡಾಡಿದ. ಒತ್ತಿದೆ. ರಾಮಾಂಜಿನಪ್ಪನವರ ತಾಯಿ ಅಮ್ಮಯಮ್ಮನಿಗೆ ಎಂಬತ್ತೈದು ವರ್ಷ. ಅವರ ಮುಖದ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿ ಮೊಮ್ಮಗಳ ತಂಗಿಯ ಹಾಗೆ ಮಾಡಿಟ್ಟಿತು. ಹಳದಿ ಮಾತ್ರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಪಂಡಿತನ ಕಣ್ಣಿಗೆ ಅದು ತಪ್ಪೆಂದೇ ಕಾಣಲಿಲ್ಲ. ಕೊನೆಗೆ ಅರವತ್ತು ಫೋಟೋಗಳ ಹಳದಿಯನ್ನು ನಾನೇ ಒಂದೊಂದಾಗಿ ಇಳಿಸಿದೆ.

ಮಧ್ಯಾಹ್ನ ಕವಿತ ಎರಡೂ ಕೈಯಲ್ಲಿ ಕುಚ್ಚಿನ ಎಳೆ ಹಿಡಿದುಕೊಂಡು, ಡಬ್ಬಿಯಿಂದ ಕೆನೆಬಣ್ಣದ ದಾರ ಕೊಡಿ ಎಂದಳು. ಕೊಟ್ಟೆ. ಅವಳು ದಾರ ನೋಡಿದಳು, ನನ್ನ ಮುಖ ನೋಡಿದಳು. ಎಳೆಯನ್ನು ಮೊಳೆಗೆ ಸುತ್ತಿ, ತಾನೇ ಎದ್ದು ಬಂದು ಬೇರೆ ಉಂಡೆ ತೆಗೆದುಕೊಂಡಳು. ಎರಡೂ ಒಂದೇ ಬಣ್ಣ. ಇವಳ ಚುಚ್ಚಾಟ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ. ಅಂಗಡಿಗೆ ಎರಡು ಟ್ಯೂಬ್‌ಲೈಟ್ ಹೆಚ್ಚಾಗಿ ಹಾಕಿಸಬೇಕು, ಮಧ್ಯಾಹ್ನವೇ ಮಬ್ಬಾಗುತ್ತದೆ.

ಜುಲೈ 9, ಬುಧವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಸೋಮವಾರ ನಾಲ್ಕನೆಯ ಸಾಫ್ಟ್‌ವೇರ್ ಹಾಕಿಸಿದ್ದೆ. ಇದು ಆಲ್ಬಮಿಗೆಂದೇ ಮಾಡಿದ್ದು. ಒಂದು ಮೂಲೆಯಲ್ಲಿ ಕೂತು ಯಾವ ಫೋಟೋದಲ್ಲಿ ಏನು ಬದಲಾಯಿತು, ಎಷ್ಟು ಗಂಟೆಗೆ, ಎಲ್ಲವನ್ನೂ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ. ಅದಕ್ಕೇ ಗುಮಾಸ್ತ ಎಂದು ಕರೆದೆ. ನಿನ್ನೆ ಎಷ್ಟು ಕೆಲಸವಾಯಿತೆಂದು ನೋಡಲು ಇವತ್ತು ಆ ಪಟ್ಟಿ ತೆರೆದೆ. ಬೆಳಿಗ್ಗೆ ನಾನು ಹಳದಿ ಇಳಿಸಿದ್ದು ಸರಿಯಾಗಿ ಬರೆದಿತ್ತು. ಅದರ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಹಳದಿ ಏರಿಸಿದ್ದು. ನಾನು ಇಳಿಸಿದಷ್ಟನ್ನೂ, ಒಂದೊಂದು ಫೋಟೋದಲ್ಲೂ, ಯಾರೋ ವಾಪಸ್ ಏರಿಸಿದ್ದಾರೆ. ಎರಡು ಗಂಟೆಗೆ ನಾನು ಮನೆಯಲ್ಲಿ ಊಟ ಮಾಡುತ್ತಿರುತ್ತೇನೆ. ಆಗ ಒಳಗೆ ಇರುವವಳು ಒಬ್ಬಳೇ.

ನಾಲ್ಕು ಸಾಫ್ಟ್‌ವೇರ್ ಬದಲಾಯಿಸಿದೆ, ಅಮರನ ಜೊತೆ ಜಗಳವಾಡಿದೆ. ಹಳದಿ ಹಾಕುತ್ತಿದ್ದವಳು ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

ಅಕ್ಷತಳನ್ನು ಕರೆದು ಪಟ್ಟಿ ತೋರಿಸಿದೆ. ಇದನ್ನು ಮುಟ್ಟಿದ್ದು ಯಾರು ಎಂದು ಕೇಳಿದೆ.

"ನಾನೇ ಸಾರ್."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಸಾರ್. ಹಳೇ ಕಂಪ್ಯೂಟರಲ್ಲೂ ಮಾಡ್ತಿದ್ದೆ."

ಎರಡು ವರ್ಷ. ನನ್ನ ಅಂಗಡಿಯಲ್ಲಿ, ನನ್ನ ಬೆನ್ನ ಹಿಂದೆ, ನನ್ನ ಬಣ್ಣ. ಯಾಕೆ ಎಂದು ಕೇಳಿದ್ದಕ್ಕೆ ಮುಂಭಾಗದ ಕಡೆ ಒಂದು ಸಲ ನೋಡಿದಳು. ಅಲ್ಲಿ ಕವಿತ ಕುಚ್ಚಿನ ಮೇಲೆ ಬಗ್ಗಿಕೊಂಡು ಕೂತಿದ್ದವಳು ತಲೆಯೆತ್ತಲಿಲ್ಲ. ಲ್ಯಾಬಿನವರು ಫೋನ್ ಮಾಡಿದ್ದರು ಸಾರ್ ಎಂದು ಇವಳು ಏನೋ ಶುರುಮಾಡಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಏನೇನು ಅಂದೆನೋ ಈಗ ನೆನಪಿಲ್ಲ. ಕಳ್ಳಿ ಎಂದದ್ದು ನೆನಪಿದೆ. ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಟಿಫನ್ ಡಬ್ಬಿ ತೆಗೆದುಕೊಂಡು ಹೋದಳು. ತಪ್ಪಾಯಿತು ಎಂಬ ಒಂದು ಮಾತು ಸಹ ಆಡಲಿಲ್ಲ.

ಜುಲೈ 10, ಗುರುವಾರ

ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ. ನನ್ನ ಡೈರಿಯೇ ಆದರೂ ಅದನ್ನು ಇಲ್ಲಿ ಬರೆಯುವುದಿಲ್ಲ.

ಕವಿತ ಮಾತು ಬಿಟ್ಟಿದ್ದಾಳೆ. ಈ ಸಲ ಅವಳನ್ನು ನಾನು ಬೈದೂ ಇಲ್ಲ.

ಜುಲೈ 15, ಮಂಗಳವಾರ

ಆಲ್ಬಮ್ ಕಳಿಸಿದೆ. ಎಪ್ಪತ್ತು ಪುಟ. ಪುಟ ಜೋಡಿಸಿದ್ದು, ಹೆಸರು ಬರೆದದ್ದು, ಬಣ್ಣ, ಎಲ್ಲ ನಾನೇ. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಬಣ್ಣ ನನ್ನ ಬಣ್ಣವಾಗಿಯೇ ಅಂಗಡಿಯಿಂದ ಆಚೆ ಹೋಯಿತು.

ಕಳಿಸುವ ಮುಂಚೆ ಕವಿತ ಬಂದು ಬೆನ್ನ ಹಿಂದೆ ನಿಂತಳು. ಐದು ದಿನದ ಮೇಲೆ ಬಾಯಿ ಬಿಟ್ಟದ್ದು. ನಾನೊಂದು ಸಲ ನೋಡಲಾ ಎಂದಳು. ಪರದೆ ಆರಿಸಿದೆ. ಕುಚ್ಚು ಕಟ್ಟುವವರು ಕುಚ್ಚು ಕಟ್ಟಲಿ ಎಂದೆ. ವಾಪಸ್ ಹೋಗಿ ಸೀರೆ ಎತ್ತಿಕೊಂಡಳು. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಆದರೆ ಮನೆಯ ಹೆಂಗಸರು, ಕೆಲಸದ ಹುಡುಗಿ, ಕಂಪ್ಯೂಟರ್ ಅಂಗಡಿಯವನು, ಎಲ್ಲರೂ ನನಗೆ ಬಣ್ಣ ಕಲಿಸಲು ಹೊರಟರೆ ಸಿಟ್ಟು ಬರುವುದಿಲ್ಲವೇ?

ಸಂಜೆ ಲ್ಯಾಬಿನಿಂದ ಫೋನ್. ಬಣ್ಣ ಹೀಗೇ ಇರಲಾ ಸಾರ್, ಸ್ವಲ್ಪ ನೀಲಿ ಹೊಡೀತಾ ಇದೆ ಎಂದರು. ಇದ್ದ ಹಾಗೆ ಪ್ರಿಂಟ್ ಹಾಕಿ, ನಿಮ್ಮ ಬುದ್ಧಿ ಸೇರಿಸಬೇಡಿ ಎಂದೆ. ಅವರಿಗೂ ಆ ಹಳದಿಯೇ ಅಭ್ಯಾಸವಾಗಿಬಿಟ್ಟಿದೆ.

ಜುಲೈ 19, ಶನಿವಾರ

ಇದನ್ನು ಬರೆಯದೆ ಮಲಗಿದರೆ ಎದೆ ಒಡೆಯುತ್ತದೆ.

ಬೆಳಿಗ್ಗೆ ಬಸ್ಸಿನಲ್ಲಿ ಆಲ್ಬಮ್ ಬಂತು. ಬಿಚ್ಚಿ ನೋಡಿದೆ, ಚಿನ್ನದಂತಿತ್ತು. ಹೊಸ ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರಿನಲ್ಲಿ ಆವತಿಗೆ ಹೋದೆ. ಮನೆ ತುಂಬ ನೆಂಟರು. ನವ್ಯಶ್ರೀ ಕಾಫಿ ಕೊಟ್ಟಳು. ಅವಳ ತಾಯಿ ಚಾಪೆ ಹಾಸಿ, ಆಲ್ಬಮನ್ನು ಕಣ್ಣಿಗೊತ್ತಿಕೊಂಡು ತೆರೆದರು.

ಮೊದಲ ಪುಟಗಳಲ್ಲೇ ಮಾತು ಕಡಿಮೆಯಾಯಿತು. ಆಮೇಲೆ ಮುಹೂರ್ತದ ಪುಟ. ತಾಯಿ ಅದನ್ನು ನೋಡಿದರು. ನಂತರ ಆಲ್ಬಮ್ ಮುಚ್ಚಿ, ಚಾಪೆಯ ಮೇಲಿಟ್ಟು, ಎದ್ದು ಒಳಗೆ ಹೋದರು. ಒಳಗಿನಿಂದ ಅಳು ಕೇಳಿಸಿತು. ರಾಮಾಂಜಿನಪ್ಪನವರು ಪುಟ ತೆರೆದು ನನ್ನ ಮುಂದೆ ಹಿಡಿದರು.

"ಏನಪ್ಪಾ ಮುನೀಂದ್ರ, ನನ್ ಮಗಳ ಕೊರಳಿಗೆ ಬಿಳೀ ದಾರ ಹಾಕಿದ್ದೀಯಲ್ಲೋ."

ಅರಿಶಿನದ ದಾರ ಹಳದಿಯಾಗಿಯೇ ಇದೆಯಲ್ಲ ಎಂದೆ. ಬೆರಳಿಟ್ಟು ತೋರಿಸಿದೆ. ನೆಂಟರೆಲ್ಲ ನನ್ನನ್ನು ಕುಡಿದು ಬಂದವನನ್ನು ನೋಡುವಂತೆ ನೋಡಿದರು. ಮಗಳ ಮುಖ ಬೂದಿ ಬಳಿದಂತಿದೆ ಎಂದು ಒಬ್ಬರು, ಧಾರೆ ಸೀರೆ ಯಾವ ಬಣ್ಣವೆಂದೇ ಗೊತ್ತಾಗುವುದಿಲ್ಲ ಎಂದು ಇನ್ನೊಬ್ಬರು. ಇದನ್ನು ಹೊತ್ತುಕೊಂಡು ಅತ್ತೆಮನೆಗೆ ಹೇಗೆ ಹೋಗಲಿ ಅಂಕಲ್ ಎಂದು ನವ್ಯಶ್ರೀ ಕೇಳಿದಳು. ಗಟ್ಟಿಯಾಗಿ ಕೇಳಿದ್ದರೆ ನಾನೂ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದೆ. ಮೆಲ್ಲಗೆ ಕೇಳಿದಳು.

ಆಗ ಮೂಲೆಯಲ್ಲಿ ತಿಳಿಹಳದಿ ಸೀರೆ ಉಟ್ಟು ಕೂತಿದ್ದ ಅಮ್ಮಯಮ್ಮ ಆಲ್ಬಮನ್ನು ತನ್ನ ಹತ್ತಿರ ತರಿಸಿಕೊಂಡರು. ಬಾಗಿಲಿನ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ಓರೆ ಮಾಡಿ, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು.

"ಚೆನ್ನಾಗೇ ಐತಲ್ಲ. ದಾರ ಹಳದಿಯಾಗೇ ಐತೆ. ಪಾಪ, ಅವನ್ನ ಯಾಕೆ ಅಂತೀರಾ?"

ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಲ್ಬಮನ್ನು ಟವೆಲಿನಲ್ಲಿ ಸುತ್ತಿ ವಾಪಸ್ ಕೊಟ್ಟರು. ಅಷ್ಟು ದೊಡ್ಡ ಮನೆಯಲ್ಲಿ ಕಣ್ಣಿರುವುದು ಒಬ್ಬರಿಗೇ. ಅದೂ ಎಂಬತ್ತೈದರಲ್ಲಿ.

ಜುಲೈ 20, ಭಾನುವಾರ

ಬೆಳಿಗ್ಗೆ ಮತ್ತೆ ಆವತಿಗೆ ಹೋದೆ. ಅಮ್ಮಯಮ್ಮನನ್ನು ಮುಂದಿಟ್ಟುಕೊಂಡು ರಾಮಾಂಜಿನಪ್ಪನವರ ಹತ್ತಿರ ಮಾತಾಡುವ ಯೋಚನೆ. ಮನೆಯವರೆಲ್ಲ ದ್ರಾಕ್ಷಿ ತೋಟಕ್ಕೆ ಹೋಗಿದ್ದರು. ಅಮ್ಮಯಮ್ಮ ಒಬ್ಬರೇ ಜಗುಲಿಯಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಮುಖ ಬೀದಿಯ ಕಡೆ, ಕೈ ಮೊರದಲ್ಲಿ. ನೋಡದೆಯೇ ಆರಿಸುತ್ತೀರಲ್ಲ ಎಂದೆ.

ಕಣ್ಣು ಕಾಣುವುದಿಲ್ಲವಲ್ಲಪ್ಪ, ಬೆರಳಿಗೆ ಗೊತ್ತಾಗುತ್ತದೆ ಎಂದರು. ಹೋದ ವರ್ಷ ಕಣ್ಣಿನ ಕ್ಯಾಂಪಿನವರು ನೋಡಿ ಎರಡು ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ ಮಾಡುತ್ತೇವೆ ಎಂದರಂತೆ. ಇನ್ನೆಷ್ಟು ದಿನ, ಬೇಡ ಎಂದು ಬಂದರಂತೆ.

ನಿನ್ನೆ ದಾರ ಹಳದಿ ಇದೆ ಎಂದಿರಲ್ಲ ಎಂದು ಕೇಳಿದೆ.

"ನಂಗೆ ಎಲ್ಲಾ ಹಳದಿನೇ ಕಣಪ್ಪ. ಗೋಡೆ ಹಳದಿ, ಹಾಲು ಹಳದಿ. ಈ ಸೀರೆ ಬೆಳ್ಳಗೈತಂತೆ, ಸೊಸೆ ಹೇಳ್ತಾಳೆ. ನಂಗೆ ಹಳದಿ ಕಾಣ್ತೈತೆ."

ನಾನು ಸೀರೆ ನೋಡಿದೆ. ನಿನ್ನೆ ನೋಡಿದ ತಿಳಿಹಳದಿ ಸೀರೆಯೇ. ಗಂಡ ಹೋದ ಮೇಲೆ ಅವರು ಬಿಳಿ ಬಿಟ್ಟು ಬೇರೆ ಉಟ್ಟವರಲ್ಲ. ಅದು ಊರಿಗೆಲ್ಲ ಗೊತ್ತು, ಅವರ ಫೋಟೋ ತೆಗೆಯುತ್ತಾ ಬಂದ ನನಗೂ ಗೊತ್ತು.

ಮಾತು ನಿಂತದ್ದು ಅವರ ಗಮನಕ್ಕೆ ಬಂತೇನೋ, ಮೊರ ಕೆಳಗಿಟ್ಟರು.

"ನಿಂಗೆ ಯಾವ ಬಣ್ಣ ಕಾಣ್ತೈತಪ್ಪ?"

ಬಿಳಿ ಎಂದು ಹೇಳಿ ಬಂದುಬಿಟ್ಟೆ. ದಾರಿಯಲ್ಲಿ ಎರಡು ಕಡೆ ಸ್ಕೂಟರ್ ನಿಲ್ಲಿಸಿದೆ. ಒಂದು ಕಡೆ ಹಾಲಿನ ಡೈರಿಯ ಸುಣ್ಣದ ಗೋಡೆ, ಇನ್ನೊಂದು ಕಡೆ ಮೈಲಿಗಲ್ಲು. ಹತ್ತಿರ ಹೋಗಿ ನೋಡಿದೆ.

ಜುಲೈ 22, ಮಂಗಳವಾರ

ನನ್ನ ಎರಡು ಕಣ್ಣಿಗೂ ಪೊರೆ. ಬಲಗಣ್ಣಿನದು ಹಣ್ಣಾಗಿಹೋಗಿದೆ ಎಂದರು ಡಾಕ್ಟರು. ಎರಡು ಮೂರು ವರ್ಷವೇ ಆಗಿರಬೇಕಂತೆ. ಪೊರೆ ಹಳದಿ ಗಾಜಿನ ಹಾಗೆ, ಬಿಳಿಯನ್ನೂ ಹಳದಿ ಮಾಡುತ್ತದೆ, ನಿಧಾನವಾಗಿ ಬರುವುದರಿಂದ ಬಂದವರಿಗೇ ತಿಳಿಯುವುದಿಲ್ಲ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಆಗಸ್ಟ್ ಹನ್ನೊಂದಕ್ಕೆ ಬಲಗಣ್ಣು, ಆಮೇಲೆ ಎಡಗಣ್ಣು.

ಮನೆಗೆ ಬಂದು ಕವಿತಳಿಗೆ ಹೇಳಿದೆ. ಅವಳು ಬೆಚ್ಚಲಿಲ್ಲ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

"ಬಿಳಿ ದಾರ ಕೇಳಿದ್ರೆ ಕೆನೆಬಣ್ಣ ಕೊಡ್ತೀರಿ, ಕೆನೆಬಣ್ಣ ಕೇಳಿದ್ರೆ ಬಿಳಿ ಕೊಡ್ತೀರಿ. ಗೊತ್ತಾಗ್ದೆ ಇರುತ್ತಾ? ಹೋದ ವರ್ಷ ಯುಗಾದಿಲಿ ಕಣ್ಣು ತೋರ್ಸಿ ಅಂದಿದ್ದಕ್ಕೆ ತಟ್ಟೆ ಎಸೆದು ಎದ್ದು ಹೋದ್ರಿ."

ಹೌದು, ಹೋಗಿದ್ದೆ. ಹೋಳಿಗೆ ಇದ್ದ ತಟ್ಟೆ.

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಎರಡು ವರ್ಷದ ಹಿಂದೆ ಲ್ಯಾಬಿನವರು ಮೊದಲ ಸಲ ಫೋನ್ ಮಾಡಿ ಫೋಟೋ ನೀಲಿ ಬರುತ್ತಿದೆ ಎಂದಾಗ ನಾನು ಊಟಕ್ಕೆ ಹೋಗಿದ್ದೆ. ಫೋನ್ ಎತ್ತಿದ್ದು ಅಕ್ಷತ. ಹೆದರಿ ಇವಳಿಗೆ ಹೇಳಿದಳಂತೆ. ನಾನು ಮನೆಗೆ ಹೋದ ಹೊತ್ತಿನಲ್ಲಿ ಬಣ್ಣ ಸರಿಮಾಡಿ ಕಳಿಸು, ಅವರಿಗೆ ತಿಳಿಯುವುದು ಬೇಡ, ಅಂಗಡಿಯೇ ಅವರ ಜೀವ ಎಂದು ಇವಳೇ ಹೇಳಿಕೊಟ್ಟದ್ದಂತೆ.

"ಕಳ್ಳಿ ಅನ್ನಿಸ್ಕೊಂಡು ಹೋದ್ಲು. ನನ್ ಹೆಸರು ಎತ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ ನೋಡಿ, ಅದಕ್ಕೇ ನಿಮ್ಮತ್ರ ಮಾತಾಡೋಕೆ ಮುಖ ಇರ್ಲಿಲ್ಲ."

ಅವಳು ಅತ್ತಳು. ನಾನೂ.

ಜುಲೈ 23, ಬುಧವಾರ

ಹಳೆಯ ಕಂಪ್ಯೂಟರನ್ನು ಮೂಲೆಯಿಂದ ಎತ್ತಿ ತಂದು ಕರೆಂಟ್ ಕೊಟ್ಟೆ. ಎರಡು ವರ್ಷದ ಪ್ರತಿ ಮದುವೆಯ ಫೋಲ್ಡರಿನ ಒಳಗೂ ಎರಡೆರಡು ಫೋಲ್ಡರ್. ಒಂದರ ಹೆಸರು 'ಸಾರ್ ಮಾಡಿದ್ದು', ಇನ್ನೊಂದರ ಹೆಸರು 'ಲ್ಯಾಬಿಗೆ'. ಮೊದಲನೆಯದನ್ನು ಅವಳು ಎಲ್ಲೂ ಅಳಿಸಿಲ್ಲ. ನೂರಾರು ಮನೆಗಳಿಗೆ ಹೋದದ್ದು ಎರಡನೆಯದು. ನನ್ನ ಕೈಯಿಂದ ನೇರವಾಗಿ ಹೋದದ್ದು ಒಂದೇ ಒಂದು ಆಲ್ಬಮ್. ಅದು ಟವೆಲಿನ ಒಳಗಿದೆ.

ಎರಡೂ ಫೋಲ್ಡರಿನ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಈಗಲೂ ನನ್ನ ಕಣ್ಣಿಗೆ ನನ್ನದೇ ಸರಿಯಾಗಿ ಕಾಣುತ್ತದೆ.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ

ಕವಿತ ಪ್ರತಿ ವರ್ಷದಂತೆ ಪಾದಪೂಜೆ ಮಾಡಿದಳು. ಈ ವರ್ಷ ಬೇಡ ಎಂದೆ. ಸುಮ್ಮನೆ ಕೂತ್ಕೊಳ್ರೀ ಎಂದಳು. ಕೂತೆ.

ಸಂಜೆ ಬಾಶೆಟ್ಟಿಹಳ್ಳಿಗೆ ಹೋದೆ. ಅಕ್ಷತ ಹೋದ ವಾರವೇ ಅಲ್ಲೊಂದು ಗಾರ್ಮೆಂಟ್ಸ್‌ಗೆ ಸೇರಿದ್ದಾಳಂತೆ. ಬಟ್ಟೆಯ ತುಂಡುಗಳ ಬಣ್ಣ ಒಂದಕ್ಕೊಂದು ಹೊಂದುತ್ತದೆಯೋ ಇಲ್ಲವೋ ನೋಡುವ ಕೆಲಸವಂತೆ. ಅವರಿಗೆ ಒಂದೇ ವಾರದಲ್ಲಿ ಗೊತ್ತಾಗಿದೆ ಅವಳ ಕಣ್ಣು ಎಂಥದ್ದೆಂದು. ಐದೂವರೆಗೆ ಗೇಟು ತೆರೆಯಿತು. ನೂರಾರು ಹೆಂಗಸರ ಮಧ್ಯೆ ಅವಳನ್ನು ಹುಡುಕಲು ನನ್ನಿಂದಾಗಲಿಲ್ಲ. ಅವಳೇ ನನ್ನನ್ನು ನೋಡಿ ಬಂದು ನಿಂತಳು.

ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ತಪ್ಪಾಯಿತು ಕಣಮ್ಮ ಎಂಬುದೊಂದೇ. ಕಣ್ಣಿನ ವಿಷಯ ಹೇಳಿದೆ. ನವ್ಯಶ್ರೀಯ ಆಲ್ಬಮಿನ ವಿಷಯ ಹೇಳಿದೆ. ಒಂದನೇ ತಾರೀಖಿಗೆ ಏಳು ದಿನ ಉಳಿದಿದೆ, ಬಣ್ಣ ಮಾಡಲು ನನಗೆ ಕಣ್ಣಿಲ್ಲ ಎಂದೂ 'ಸಾರ್ ಮಾಡಿದ್ದು' ಫೋಲ್ಡರ್ ನೋಡಿದೆ ಎಂದೂ ಹೇಳಿದೆ. ಅವಳು ಟಿಫನ್ ಡಬ್ಬಿಯ ಹಿಡಿ ತಿರುಗಿಸಿದಳು.

"ಭಾನುವಾರ ರಜಾ ಐತೆ, ಬರ್ತೀನಿ ಸಾರ್. ಆದ್ರೆ ಇನ್ಮೇಲೆ ಕದ್ದು ಮಾಡಲ್ಲ. ನೀವು ಪಕ್ಕದಲ್ಲೇ ಕೂತಿರ್ಬೇಕು. ತಪ್ಪಿದ್ರೆ ತಪ್ಪು ಅಂತ ಎದುರಿಗೇ ಹೇಳ್ತೀನಿ. ಬೈಯ್ಯಂಗಿಲ್ಲ."

ಸರಿ ಎಂದೆ. ಬಸ್ ಬಂತು, ಹೋದಳು.

ಜುಲೈ 27, ಭಾನುವಾರ

ಅಕ್ಷತ ಒಂಬತ್ತಕ್ಕೆಲ್ಲ ಬಂದಳು. ಕವಿತ ಇಬ್ಬರಿಗೂ ಇಡ್ಲಿ ತಂದಿದ್ದಳು. ನಾಲ್ಕು ಸಾಫ್ಟ್‌ವೇರಿನಲ್ಲಿ ಯಾವುದು ಇಟ್ಟುಕೊಳ್ಳೋಣ ಎಂದು ಕೇಳಿದ್ದಕ್ಕೆ, ಗುಮಾಸ್ತ ಇರಲಿ ಸಾರ್, ಮಾಡಿದ್ದೆಲ್ಲ ಬರೆದಿಟ್ಟಿರುತ್ತದೆ ಎಂದಳು. ಉಳಿದ ಮೂರನ್ನೂ ಕಿತ್ತುಹಾಕಿದೆವು. ಪಾಸ್‌ವರ್ಡ್ ತೆಗೆದು, ನಿನಗೆ ಬೇಕಾದದ್ದು ಹಾಕಿಕೋ ಎಂದೆ. ಅವಳು ಹಾಕಲಿಲ್ಲ.

ಕುರ್ಚಿಯ ವಿಷಯಕ್ಕೆ ಒಂದು ಗಳಿಗೆ ಇಬ್ಬರೂ ನಿಂತೇ ಇದ್ದೆವು. ಆಮೇಲೆ ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಬೆಳಕು, ನೆರಳು, ಯಾರ ಮುಖ ಯಾವ ಕಡೆ ತಿರುಗಿದೆ, ಯಾವ ಫೋಟೋ ದೊಡ್ಡದಾಗಬೇಕು, ಅದನ್ನೆಲ್ಲ ನಾನು ಹೇಳಿದೆ. ಬಣ್ಣ ಅವಳು. ಹನ್ನೆರಡು ಗಂಟೆಗೆ ಒಂದು ಸಲ ಸಿಟ್ಟು ಬಂತು, ಎದ್ದು ಹೋಗಿ ನೀರು ಕುಡಿದು ಬಂದೆ. ಮೂರು ಗಂಟೆಗೆ ಇನ್ನೊಂದು ಸಲ. ಊಟಕ್ಕೆ ಮನೆಗೆ ಹೋಗಲಿಲ್ಲ.

ಮುಹೂರ್ತದ ಪುಟವನ್ನು ಕೊನೆಗೆ ಉಳಿಸಿಕೊಂಡಿದ್ದೆವು. ಅಕ್ಷತ ಹಳದಿ ಏರಿಸಿದಳು, ನಿಲ್ಲಿಸಿ ನೋಡಿದಳು, ಇನ್ನೂ ಏರಿಸಿದಳು. ನನ್ನ ಕೈ ತಾನಾಗಿ ಮೌಸಿನ ಕಡೆ ಹೋಯಿತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಕವಿತ ಕುಚ್ಚು ಬಿಟ್ಟು ಬಂದು ಹಿಂದೆ ನಿಂತಳು, ಈ ಸಲ ನಾನು ಪರದೆ ಆರಿಸಲಿಲ್ಲ. ಅವಳೂ ನೋಡಿ ಹೂಂ ಎಂದಳು.

"ಇಷ್ಟು ಸಾಕು ಸಾರ್. ಈಗ ಸರಿ ಐತೆ. ಕಳಿಸ್ಲಾ?"

ನಾನು ಮುಂದಕ್ಕೆ ಬಗ್ಗಿ, ಅಮ್ಮಯಮ್ಮ ನೋಡಿದಷ್ಟು ಹತ್ತಿರದಿಂದ ನೋಡಿದೆ. ಮದುಮಗಳು, ಗಂಡು, ಪುರೋಹಿತರು, ಹಿಂದೆ ನಿಂತು ಅಕ್ಷತೆ ಎರಚುತ್ತಿದ್ದ ನೆಂಟರು, ಒಬ್ಬರನ್ನೂ ಬಿಡದೆ ಎಲ್ಲರಿಗೂ ಕಾಮಾಲೆ ಬಂದ ಹಾಗೆ ಕಾಣುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥ ಫೋಟೋವನ್ನು ನಾನು ಅಂಗಡಿಯಿಂದ ಆಚೆ ಬಿಟ್ಟವನಲ್ಲ.

ಕಳಿಸು ಎಂದೆ.